ಹೊಗೆಸೊಪ್ಪು ಬೆಳೆಯುವುದರ ನಿಜವಾದ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ತಂಬಾಕು ಅಂದ ತಕ್ಷಣ ಮಾತು ಸೇದುವವರ ಶ್ವಾಸಕೋಶದ ಕಡೆ ಹೋಗುತ್ತದೆ. ಸೊಪ್ಪು ಬೆಳೆಯುವ ಹೊಲ, ಅದನ್ನು ಮುರಿಯುವ ಕೈ, ಅದಕ್ಕೆ ಉರಿಯುವ ಕಟ್ಟಿಗೆ ಮಾತಿಗೆ ಬರುವುದು ಕಡಿಮೆ. ಈ ಪುಟ ಅವುಗಳ ಬಗ್ಗೆ. ಉದಾಹರಣೆಗಳು ಜಾಸ್ತಿ ಹುಣಸೂರು, ಪಿರಿಯಾಪಟ್ಟಣದ ಕಡೆಯವು. ಆಫ್ರಿಕಾ, ಬಾಂಗ್ಲಾದೇಶ, ಅಮೆರಿಕದ ಸಂಗತಿಗಳೂ ಇವೆ.

ಸಿಗರೇಟು ಕೆಟ್ಟದ್ದು, ಸರಿ. ಬೆಳೆಯುವುದರಲ್ಲಿ ಏನು ತೊಂದರೆ? ಅದೂ ಒಂದು ಬೆಳೆ ತಾನೇ?

ಬೆಳೆಯೇ. ಆದರೆ ರಾಗಿ, ಜೋಳಕ್ಕಿಲ್ಲದ ಮೂರು ವಿಷಯ ಇದಕ್ಕಿವೆ. ಸಿಗರೇಟಿಗೆ ಹೋಗುವ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಬೇಕು, ಅದಕ್ಕೆ ರಾಶಿ ಕಟ್ಟಿಗೆ ಬೇಕು. ಹಸಿ ಎಲೆಯನ್ನು ಮುಟ್ಟಿದವರ ಮೈಗೆ ನಿಕೋಟಿನ್ ಇಳಿಯುತ್ತದೆ. ಬೆಳೆದವರಿಗೆ ಇದು ಹೊಟ್ಟೆಗೂ ಆಗುವುದಿಲ್ಲ, ದನಕ್ಕೂ ಆಗುವುದಿಲ್ಲ. ಬೆಲೆ ಬಿದ್ದರೆ ರಾಗಿಯನ್ನು ಮನೆಗೆ ಹೊತ್ತು ತಂದು ಮುದ್ದೆ ಮಾಡಬಹುದು. ಸೊಪ್ಪನ್ನು ಏನು ಮಾಡುವುದು?

ಪ್ರಪಂಚದಲ್ಲಿ ಎಷ್ಟು ಕಡೆ ಬೆಳೆಯುತ್ತಾರೆ? ಕರ್ನಾಟಕದಲ್ಲಿ ಎಲ್ಲಿ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 120ಕ್ಕೂ ಹೆಚ್ಚು ದೇಶಗಳು, ಸುಮಾರು 32 ಲಕ್ಷ ಹೆಕ್ಟೇರ್. ಚೀನಾ ಎಲ್ಲರಿಗಿಂತ ಮುಂದೆ. ಅದರ ಹಿಂದೆ ಭಾರತ ಮತ್ತು ಬ್ರೆಜಿಲ್.

ಕರ್ನಾಟಕದಲ್ಲಿ ಸಿಗರೇಟಿಗೆ ಹೋಗುವ ವರ್ಜೀನಿಯಾ ಸೊಪ್ಪು ಹೆಚ್ಚಾಗಿ ಬರುವುದು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದಿಂದ. ಪಕ್ಕದ ಹಾಸನ ಜಿಲ್ಲೆಯ ಅರಕಲಗೂಡಿನಲ್ಲೂ ಇದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ರಾಮನಾಥಪುರದ ಹರಾಜು ಮಾರುಕಟ್ಟೆಗಳ ಹೆಸರು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಮಳೆ ನಂಬಿದ ಬೆಳೆ. ಬೇಸಿಗೆಯಲ್ಲಿ ಸಸಿ ಮಡಿ, ಮೇ ತಿಂಗಳಲ್ಲಿ ನಾಟಿ, ಜುಲೈನಿಂದ ಸೊಪ್ಪು ಮುರಿಯುವುದು, ಆಮೇಲೆ ಹರಾಜು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಕಡೆ ಬೆಳೆಯುವುದು ಬೇರೆ ತಳಿ, ಬೀಡಿ ತಂಬಾಕು. ಅದರ ಮಾತು ಮುಂದೆ ಬರುತ್ತದೆ.

ಒಣಗಿಸಲು ಬಿಸಿಲು ಸಾಲದಾ? ಕಟ್ಟಿಗೆ ಯಾಕೆ?

ಸಿಗರೇಟಿನ ಸೊಪ್ಪಿಗೆ ಸಾಲದು. ಕಂಪನಿಗೆ ಬೇಕಾಗಿರುವುದು ನಿಂಬೆ ಹಳದಿ, ಕಿತ್ತಳೆ ಬಣ್ಣದ, ಸಕ್ಕರೆ ಅಂಶ ಉಳಿದ ಎಲೆ. ಬಿಸಿಲಿಗೆ ಹಾಕಿದರೆ ಆ ಬಣ್ಣ ಬರುವುದಿಲ್ಲ. ಮುಂಗಾರಿನ ಮೋಡದಲ್ಲಿ ಬಿಸಿಲಾದರೂ ಎಲ್ಲಿದೆ?

ಅದಕ್ಕೇ ಬ್ಯಾರನ್. ಮೈಸೂರು ಕಡೆ ರಸ್ತೆಯಲ್ಲಿ ಹೋಗುವಾಗ ಹೊಲದ ಮಧ್ಯೆ ಕಿಟಕಿಯೇ ಇಲ್ಲದ ಎತ್ತರದ ಮನೆಗಳು ಕಾಣುತ್ತವಲ್ಲ, ಅವೇ. ಹೆಂಗಸರು ಬೆಳಗ್ಗೆ ಮುರಿದು ತಂದ ಸೊಪ್ಪನ್ನು ನೆರಳಲ್ಲಿ ಕೂತು ಕಡ್ಡಿಗೆ ದಾರದಲ್ಲಿ ಕಟ್ಟುತ್ತಾರೆ. ಗಂಡಸರು ಅಟ್ಟದ ಮೇಲೆ ಹತ್ತಿ ಕಡ್ಡಿಗಳನ್ನು ಸಾಲಾಗಿ ನೇತುಹಾಕುತ್ತಾರೆ. ಹೊರಗಡೆ ಒಲೆಯ ಬಾಯಿ. ಒಳಗೆ ನೆಲದ ಮೇಲೆ ದೊಡ್ಡ ತಗಡಿನ ಕೊಳವೆ. ಹೊಗೆ ಕೊಳವೆಯೊಳಗೇ ಸುತ್ತಿ ಆಚೆ ಹೋಗುತ್ತದೆ, ಕಾವು ಮಾತ್ರ ಸೊಪ್ಪಿಗೆ ತಾಗುತ್ತದೆ.

ಬೆಂಕಿ ಹಾಕಿದ ಮೇಲೆ ಐದಾರು ದಿನ ಆರಿಸುವ ಹಾಗಿಲ್ಲ. ಮೊದಲು ಸಣ್ಣ ಉರಿ, ಎಲೆ ಹಸಿರು ಬಿಟ್ಟು ಹಳದಿಗೆ ತಿರುಗಲಿ ಅಂತ. ಆಮೇಲೆ ಮೆಲ್ಲಗೆ ಏರಿಸಿ ಬಣ್ಣ ನಿಲ್ಲಿಸಬೇಕು. ಕೊನೆಗೆ 70 ಡಿಗ್ರಿ ಆಸುಪಾಸು, ನಡುನರ ಒಣಗಿ ಪಟ್ ಅಂತ ಮುರಿಯುವವರೆಗೆ. ರಾತ್ರಿ ನಿದ್ದೆಗಣ್ಣಲ್ಲಿ ಉರಿ ಜಾಸ್ತಿಯಾದರೆ ಸೊಪ್ಪು ಕಂದು, ಕಡಿಮೆಯಾದರೆ ಕಪ್ಪು. ಒಂದು ಸಲ ತುಂಬಿದ ಬ್ಯಾರನ್ ಹಾಳಾದರೆ ಎಷ್ಟೋ ದಿನದ ಕೂಲಿ, ಕಟ್ಟಿಗೆ ಎಲ್ಲ ನೀರಿಗೆ ಹೋದ ಹಾಗೆ. ಒಣಗಿದ ಸೊಪ್ಪು ಅಟ್ಟದಿಂದ ಕೊಳವೆಯ ಮೇಲೆ ಉದುರಿ ಇಡೀ ಬ್ಯಾರನ್ ಹೊತ್ತಿಕೊಳ್ಳುವುದೂ ಉಂಟು.

ಒಟ್ಟು ಎಷ್ಟು ಕಟ್ಟಿಗೆ ಸುಡುತ್ತದೆ?

ನಮ್ಮ ಕಡೆಯ ಹಳೆ ಬ್ಯಾರನ್‌ನಲ್ಲಿ ಒಂದು ಕಿಲೋ ಒಣ ಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಕಟ್ಟಿಗೆ. ಕಡಿಮೆಯದ್ದನ್ನೇ ಹಿಡಿದು ಲೆಕ್ಕ ಹಾಕೋಣ. ರಾಜ್ಯದಲ್ಲಿ ಒಂದು ವರ್ಷ 8 ಕೋಟಿ ಕಿಲೋ ಸೊಪ್ಪು ಬಂತು ಅಂದುಕೊಳ್ಳಿ. ಕಿಲೋಗೆ 4ರಂತೆ 32 ಕೋಟಿ ಕಿಲೋ, ಅಂದರೆ 3 ಲಕ್ಷ 20 ಸಾವಿರ ಟನ್ ಕಟ್ಟಿಗೆ. ಲಾರಿಗೆ 10 ಟನ್ ಹಾಕಿದರೆ 32 ಸಾವಿರ ಲೋಡು. ಒಂದೇ ಹಂಗಾಮಿಗೆ, ಅದೂ ಕೆಲವೇ ತಾಲ್ಲೂಕುಗಳಿಗೆ.

ಪ್ರಪಂಚದ ಲೆಕ್ಕ ತೆಗೆದರೆ ತಂಬಾಕಿನ ಸಲುವಾಗಿ ವರ್ಷಕ್ಕೆ ಸುಮಾರು 2 ಲಕ್ಷ ಹೆಕ್ಟೇರ್ ಕಾಡು ಹೋಗುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಲಕ್ಕಾಗಿ ಕಡಿದದ್ದು, ಒಣಗಿಸಲು ಕಡಿದದ್ದು ಎರಡೂ ಸೇರಿ. 2022ರ ತಂಬಾಕು ರಹಿತ ದಿನಕ್ಕೆ ಅದು ಕೊಟ್ಟ ಅಂಕಿ ವರ್ಷಕ್ಕೆ 60 ಕೋಟಿ ಮರ, 8.4 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ. ಒಂದು ಸಿಗರೇಟಿನ ಲೆಕ್ಕ ಬೇಕೆಂದರೆ, 2018ರ ಒಂದು ಅಧ್ಯಯನದ ಪ್ರಕಾರ ಹೊಲದಿಂದ ಕಸದ ಬುಟ್ಟಿಯವರೆಗೆ ಅದಕ್ಕೆ 3.7 ಲೀಟರ್ ನೀರು ಬೇಕು, 14 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ.

ಕಾಡಿಗೆ ಪೆಟ್ಟು ಎಲ್ಲ ಕಡೆ ಒಂದೇ ಸಮ ಬಿದ್ದಿಲ್ಲ. ಜೋರಾಗಿ ಬಿದ್ದಿರುವುದು ಆಫ್ರಿಕಾದ ಮಿಯೊಂಬೊ ಕಾಡಿಗೆ. ತಾಂಜಾನಿಯಾ, ಜಾಂಬಿಯಾ, ಮಲಾವಿ, ಜಿಂಬಾಬ್ವೆ ಉದ್ದಕ್ಕೂ ಹಬ್ಬಿರುವ ಒಣ ಕಾಡು ಅದು. ಒಮ್ಮೆ ಕಡಿದರೆ ಮತ್ತೆ ಮರ ಬಲಿಯಲು ದಶಕಗಳು ಬೇಕು. ಜಿಂಬಾಬ್ವೆಯಲ್ಲಿ ಮೊದಲು ದೊಡ್ಡ ಜಮೀನ್ದಾರರು ಬೆಳೆಯುತ್ತಿದ್ದರು, ಕಲ್ಲಿದ್ದಲು ಬಳಸುವ ಅನುಕೂಲ ಅವರಿಗಿತ್ತು. 2000ದ ನಂತರ ಭೂಮಿ ಹಂಚಿಕೆಯಾಗಿ ಸಣ್ಣ ರೈತರು ಸಾವಿರಾರು ಸಂಖ್ಯೆಯಲ್ಲಿ ತಂಬಾಕಿಗೆ ಬಂದರು. ಕಲ್ಲಿದ್ದಲು ಕೊಳ್ಳುವ ಶಕ್ತಿ ಇಲ್ಲ, ಪಕ್ಕದಲ್ಲೇ ಕಾಡು. ಇನ್ನೇನಾಗುತ್ತದೆ? ಭೂಮಿ ಹಂಚಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಭೂಮಿಯ ಜೊತೆ ಒಲೆಗೂ ಒಂದು ದಾರಿ ತೋರಿಸಬೇಕಿತ್ತು, ಅಷ್ಟೇ.

ಮೈಸೂರು ಕಡೆ ಈಗ ಕಾಡು ಕಡಿಯುವುದಿಲ್ಲವಲ್ಲ? ನೆಟ್ಟ ಮರವನ್ನೇ ಸುಡುತ್ತಾರಂತೆ?

ಹೌದು, ಈಗ ಬಹುಪಾಲು ಕೊಂಡು ತಂದ ಕಟ್ಟಿಗೆ. ಕಾಫಿ ತೋಟದ ಸಿಲ್ವರ್ ಓಕ್ ಮರ, ನೀಲಗಿರಿ, ಸರ್ವೆ, ಮುದಿ ಮಾವು. ಜೊತೆಗೆ ತೆಂಗಿನ ಚಿಪ್ಪು, ಕಾಫಿ ಹೊಟ್ಟು. ಇದು ಒಳ್ಳೆಯ ಬದಲಾವಣೆಯೇ. ಆದರೆ ಹೊಲದ ಬದುವಿನ ಬೇವು, ಹೊಂಗೆ, ಆಲದ ಕೊಂಬೆಯೂ ಒಲೆಗೆ ಹೋಗುತ್ತವೆ. ಕಾಡಿನ ನಕ್ಷೆಯಲ್ಲಿ ಅವು ಲೆಕ್ಕಕ್ಕೇ ಇಲ್ಲ. ಊರಿನ ನೆರಳು ಮಾತ್ರ ಅವುಗಳದ್ದೇ.

ಕಂಪನಿಗಳು ಗಿಡ ನೆಡುತ್ತವೆ, ನಿಜ. ಬಹುಪಾಲು ಬೇಗ ಬೆಳೆದು ಬೇಗ ಕಡಿಯುವ ಜಾತಿ. ಅದು ಕಟ್ಟಿಗೆ ತೋಟ, ಕಾಡಲ್ಲ. ನೀಲಗಿರಿ ಅಂತರ್ಜಲ ಹೀರುತ್ತದೆ ಅನ್ನುವ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ಹಾಗಾಗಿ 'ನಾವು ಸುಟ್ಟಷ್ಟು ನೆಟ್ಟಿದ್ದೇವೆ' ಎಂಬ ಮಾತು ಕೇಳಿದಾಗ ಏನು ನೆಟ್ಟಿರಿ, ಎಲ್ಲಿ ನೆಟ್ಟಿರಿ ಅಂತ ಕೇಳಬೇಕು.

ಎಲ್ಲ ತಂಬಾಕಿಗೂ ಕಟ್ಟಿಗೆ ಬೇಕಾ?

ಬೇಡ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿಗೆ ಒಣಗುತ್ತದೆ. ಬರ್ಲಿ ಎನ್ನುವ ಜಾತಿ ನೆರಳ ಗಾಳಿಗೆ ಒಣಗುತ್ತದೆ, ಆದರೂ ಚಪ್ಪರಕ್ಕೆ ಮರದ ಕಂಬ, ಗಳ ಬೇಕು.

ಹಾಗಂತ ನಿಪ್ಪಾಣಿಯ ರೈತರ ಬದುಕು ಹಗುರ ಅಂತಲ್ಲ. ಅಲ್ಲಿ ದರ ಕಟ್ಟುತ್ತಿದ್ದವರು ವ್ಯಾಪಾರಿಗಳು. ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತ ನಾಯಕ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ಜನ ಸತ್ತರು.

ಮಣ್ಣಿಗೆ, ನೀರಿಗೆ ಏನಾಗುತ್ತದೆ?

ತಂಬಾಕು ಹೊಟ್ಟೆಬಾಕ ಬೆಳೆ. ಸಾರಜನಕ, ರಂಜಕ, ಅದರಲ್ಲೂ ಪೊಟ್ಯಾಷ್ ಅನ್ನು ಜೋರಾಗಿ ಎಳೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೇರೆ ಬೆಳೆಗೆ ಹಾಕುವ ಅಗ್ಗದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಕ್ಲೋರೈಡ್ ಇದೆ, ಎಲೆ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ದುಬಾರಿ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಬೇಕು. ಎಲ್ಲೋ ಯಾರದೋ ಬೆರಳ ಸಂದಿಯಲ್ಲಿ ಸಿಗರೇಟು ಸಮವಾಗಿ ಉರಿಯಲಿ ಅಂತ ಪಿರಿಯಾಪಟ್ಟಣದ ರೈತ ಜಾಸ್ತಿ ದುಡ್ಡು ಕೊಟ್ಟು ಗೊಬ್ಬರ ತರುತ್ತಾನೆ!

ಅದೇ ಹೊಲಕ್ಕೆ ವರ್ಷ ವರ್ಷ ತಂಬಾಕೇ ಹಾಕಿದರೆ ಬೇರುಗಂಟು ಹುಳು ಸೇರಿಕೊಳ್ಳುತ್ತದೆ. ಸಸಿ ಮಡಿಯಿಂದಲೇ ಔಷಧ ಶುರು. ಗಿಡ ಹೂ ಬಿಡುವ ಹೊತ್ತಿಗೆ ಕುಡಿ ಚಿವುಟುತ್ತಾರೆ. ಆಮೇಲೆ ಎಲೆಯ ಕಂಕುಳಲ್ಲಿ ಹೊಸ ಚಿಗುರು ಬರದಂತೆ ಡೆಕನಾಲ್ ಎಂಬ ಎಣ್ಣೆಯಂಥ ಔಷಧ ಸುರಿಯುತ್ತಾರೆ. ಬಾಂಗ್ಲಾದೇಶದ ಬಂದರ್‌ಬನ್ ಗುಡ್ಡಗಳಲ್ಲಿ ಮಾತಾಮುಹುರಿ ನದಿಯ ದಡದವರೆಗೂ ತಂಬಾಕು ಹಬ್ಬಿದೆ. ಗೊಬ್ಬರ, ಔಷಧ ತೊಳೆದು ನೇರ ನದಿಗೆ ಹೋಗುತ್ತದೆ.

ಮೈಸೂರಿನದು ಮಳೆ ಬೆಳೆಯಾದ್ದರಿಂದ ನೀರಾವರಿಯ ಹೊರೆ ಕಡಿಮೆ. ಮುಂಗಾರಿನ ಒಳ್ಳೆಯ ತಿಂಗಳುಗಳೆಲ್ಲ ಸೊಪ್ಪಿಗೆ ಹೋಗುತ್ತವೆ ಅನ್ನುವುದು ಬೇರೆ ಮಾತು. ಊಟದ ಬೆಳೆಗೆ ಸಿಗುವುದು ಉಳಿದ ತೇವ.

ಸೊಪ್ಪು ಮುಟ್ಟಿದರೇ ಕಾಯಿಲೆ ಬರುತ್ತದೆ ಅನ್ನುವುದು ನಿಜವಾ?

ನಿಜ. ಇಂಗ್ಲಿಷ್‌ನಲ್ಲಿ ಗ್ರೀನ್ ಟೊಬ್ಯಾಕೊ ಸಿಕ್ನೆಸ್ ಅನ್ನುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲೇ ಇದು ವೈದ್ಯರ ದಾಖಲೆಗೆ ಬಂತು.

ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಬೆಳಗಿನ ಇಬ್ಬನಿ ಅಥವಾ ಮಳೆ ನೀರು ಎಲೆಯ ಮೇಲೆ ನಿಂತಿದ್ದರೆ ಅದರಲ್ಲಿ ಕರಗಿ, ಒದ್ದೆ ಬಟ್ಟೆಯ ಮೂಲಕ ಚರ್ಮಕ್ಕೆ ಇಳಿಯುತ್ತದೆ. ತಲೆ ಸುತ್ತು, ವಾಕರಿಕೆ, ವಾಂತಿ, ತಲೆನೋವು, ಸುಸ್ತು. ರಾತ್ರಿ ನಿದ್ದೆ ಬರುವುದಿಲ್ಲ. ದಿನವಿಡೀ ತಂಬಾಕು ಹೊಲದಲ್ಲಿ ಕೆಲಸ ಮಾಡುವವರ ಮೈಗೆ 50 ಸಿಗರೇಟಿನಷ್ಟು ನಿಕೋಟಿನ್ ಸೇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಅವರ ಮೈಗೆ ನಿಕೋಟಿನ್ ಅಭ್ಯಾಸವೇ ಇರುವುದಿಲ್ಲ.

ಸೊಪ್ಪು ಮುರಿದವರ ಕೈ ನೋಡಿದರೆ ಗೊತ್ತಾಗುತ್ತದೆ. ಅರ್ಧ ದಿನದಲ್ಲಿ ಬೆರಳಿಗೆಲ್ಲ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಸೋಪು ಹಚ್ಚಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಅದೇ ಕೈಯಲ್ಲಿ ಊಟಕ್ಕೆ ಕೂತರೆ ತುತ್ತು ಕಹಿ. 'ಸೊಪ್ಪಿನ ಕೆಲಸ ಅಂದರೆ ಹಾಗೇ ಕಣಮ್ಮ, ಒಂದೆರಡು ದಿನ ವಾಂತಿ ಆಗ್ತದೆ, ಆಮೇಲೆ ಒಗ್ಗಿಹೋಗ್ತದೆ' ಅಂತ ಹೊಸಬರಿಗೆ ಹಳಬರು ಸಮಾಧಾನ ಹೇಳುತ್ತಾರೆ. ವಿಷ ಒಳಗೆ ಹೋಗುತ್ತಿರುವುದನ್ನೇ ಒಗ್ಗುವುದು ಅಂದುಕೊಂಡುಬಿಟ್ಟಿದ್ದೇವೆ.

ಮಕ್ಕಳು ಈ ಕೆಲಸದಲ್ಲಿ ಈಗಲೂ ಇದ್ದಾರಾ?

ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂದಾಜು ಪ್ರಪಂಚದಲ್ಲಿ 13 ಲಕ್ಷ ಮಕ್ಕಳು. ಬಡ ದೇಶಗಳ ಸಮಸ್ಯೆ ಅಂತ ಮಾತ್ರ ತಿಳಿಯಬೇಡಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2014ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ, ಕೆಂಟಕಿ, ಟೆನೆಸಿ, ವರ್ಜೀನಿಯಾ ರಾಜ್ಯಗಳಲ್ಲಿ ತಂಬಾಕು ಹೊಲದಲ್ಲಿ ದುಡಿಯುವ 141 ಮಕ್ಕಳನ್ನು ಮಾತಾಡಿಸಿತು. ಎಲ್ಲರೂ 7ರಿಂದ 17 ವರ್ಷದವರು. ಮುಕ್ಕಾಲು ಪಾಲು ಮಕ್ಕಳು ವಾಂತಿ, ತಲೆನೋವು, ತಲೆಸುತ್ತು ಇಂಥವನ್ನು ಹೇಳಿಕೊಂಡರು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪ್ಪ ಅಮ್ಮ ಒಪ್ಪಿದರೆ 12 ವರ್ಷದ ಮಗು ಶಾಲೆಯ ಹೊತ್ತು ಬಿಟ್ಟು ಹೊಲದಲ್ಲಿ ಕೂಲಿ ಮಾಡಬಹುದು. ಅದೇ ದೇಶದಲ್ಲಿ 2019ರ ಡಿಸೆಂಬರ್‌ನಿಂದ 21 ತುಂಬದವರಿಗೆ ಸಿಗರೇಟು ಮಾರುವ ಹಾಗಿಲ್ಲ.

ಭಾರತದಲ್ಲಿ 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಆದರೆ 2016ರ ತಿದ್ದುಪಡಿಯ ನಂತರ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆ ಕೆಲಸಕ್ಕೆ ಕೈಜೋಡಿಸಬಹುದು. ಬ್ಯಾರನ್ ತುಂಬುವ ದಿನ ಸೊಪ್ಪು ಕಟ್ಟಲು ಎಷ್ಟು ಕೈ ಇದ್ದರೂ ಸಾಲದು. ಮನೆ ಮಕ್ಕಳೂ ಕೂರುತ್ತಾರೆ. ಅದನ್ನು ಯಾರೂ 'ಬಾಲ ಕಾರ್ಮಿಕ' ಅನ್ನುವುದಿಲ್ಲ, ಅಮ್ಮನಿಗೆ ಸಹಾಯ ಅನ್ನುತ್ತಾರೆ. ಎಲೆಯಲ್ಲಿರುವ ನಿಕೋಟಿನ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ.

ಮಲಾವಿಯ ಹೆಸರು ಯಾಕೆ ಪದೇ ಪದೇ ಬರುತ್ತದೆ?

ಆ ದೇಶದ ರಫ್ತಿನ ಗಳಿಕೆಯಲ್ಲಿ ಬಹಳ ವರ್ಷ ಅರ್ಧದಷ್ಟು ತಂಬಾಕಿನಿಂದಲೇ ಬಂದಿದೆ. ದೊಡ್ಡ ಜಮೀನುಗಳಲ್ಲಿ ಗೇಣಿ ಕುಟುಂಬಗಳು ಇಡೀ ಹಂಗಾಮು ದುಡಿಯುತ್ತಿದ್ದವು. ತಿನ್ನುವ ಮುಸುಕಿನ ಜೋಳದ ಹಿಟ್ಟು, ಗೊಬ್ಬರ ಎಲ್ಲ ಒಡೆಯನಿಂದ ಸಾಲ. ಸೊಪ್ಪು ಮಾರಿದ ಮೇಲೆ ಲೆಕ್ಕ. ಎಷ್ಟೋ ಕುಟುಂಬಗಳ ಕೈಗೆ ವರ್ಷದ ಕೊನೆಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮಕ್ಕಳನ್ನೂ ಹೊಲಕ್ಕೆ ಇಳಿಸದೆ ಬೇರೆ ದಾರಿ ಇರಲಿಲ್ಲ.

2019ರ ನವೆಂಬರ್‌ನಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಬಾಲ ಕಾರ್ಮಿಕ ಮತ್ತು ಬಲವಂತದ ದುಡಿಮೆಯ ಅನುಮಾನದ ಮೇಲೆ ಮಲಾವಿಯ ತಂಬಾಕನ್ನು ಬಂದರಿನಲ್ಲೇ ತಡೆಯಲು ಆದೇಶಿಸಿತು. 2020ರಲ್ಲಿ ಮಲಾವಿಯ ರೈತರ ಪರವಾಗಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಮತ್ತು ಇಂಪೀರಿಯಲ್ ಕಂಪನಿಗಳ ಮೇಲೆ ಲಂಡನ್ನಿನಲ್ಲಿ ಮೊಕದ್ದಮೆ ಹೂಡಲಾಯಿತು. ಕಂಪನಿಗಳು ಆರೋಪವನ್ನು ಒಪ್ಪಿಲ್ಲ.

ಆದರೂ ರೈತರಿಗೆ ಲಾಭ ಇದೆ ಅಲ್ವಾ? ಇಲ್ಲದಿದ್ದರೆ ಯಾಕೆ ಬೆಳೆಯುತ್ತಾರೆ?

ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಕಳೆದ ಕೆಲವು ವರ್ಷ ಮೈಸೂರು ಭಾಗದ ಹರಾಜಿನಲ್ಲಿ ಸರಾಸರಿ ದರ ಕಿಲೋಗೆ 200 ರೂಪಾಯಿ ದಾಟಿದೆ. ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಬೆಂಗಳೂರಲ್ಲಿ ಓದಿಸಿದವರಿದ್ದಾರೆ. ಅದನ್ನು ಇಲ್ಲ ಅನ್ನಬಾರದು. ಆದರೆ ಸೊಪ್ಪಿನ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಕೂಲಿ ಹಾಕುವುದಿಲ್ಲ. ಐದಾರು ರಾತ್ರಿ ಬ್ಯಾರನ್ ಮುಂದೆ ಕೂತಿದ್ದಕ್ಕೆ, ಸಾವಿರಾರು ಎಲೆ ಕಟ್ಟಿದ್ದಕ್ಕೆ ಬೆಲೆ ಹಾಕಿದರೆ ಲಾಭ ಎಷ್ಟೋ ಕರಗುತ್ತದೆ. ಬೆಲೆ ಬಿದ್ದ ವರ್ಷವಂತೂ ಕೇಳಲೇಬೇಡಿ. 2015ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ತಂಬಾಕು ರೈತರ ಆತ್ಮಹತ್ಯೆಗಳು ವರದಿಯಾದವು.

ಹಾಗಿದ್ದೂ ಯಾಕೆ ಬೆಳೆಯುತ್ತಾರೆ? ಯಾಕೆಂದರೆ ತಂಬಾಕಿಗೆ ಒಂದು ಮನೆ ಇದೆ. 1975ರ ಕಾಯ್ದೆಯಿಂದ ಬಂದ ತಂಬಾಕು ಮಂಡಳಿ ಇದೆ. ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಯುತ್ತಿದೆ. ಎಷ್ಟು ಬೆಳೆಯಬೇಕು ಅಂತ ಮೊದಲೇ ಹೇಳುತ್ತಾರೆ. ಬ್ಯಾಂಕು ಸಾಲ ಕೊಡುತ್ತದೆ. ಗೊಬ್ಬರ ಬರುತ್ತದೆ. ಸೊಪ್ಪನ್ನು ಬೇಲ್ (ದೊಡ್ಡ ಮೂಟೆ) ಕಟ್ಟಿ ತಂದರೆ ತೂಕ ಹಾಕಿ, ಕಣ್ಣೆದುರೇ ಹರಾಜು ಹಾಕಿ, ದುಡ್ಡನ್ನು ಖಾತೆಗೆ ಹಾಕುತ್ತಾರೆ. ಹುಣಸೂರಿನಲ್ಲೇ ತಂಬಾಕಿಗೆ ಸಂಶೋಧನಾ ಕೇಂದ್ರ ಇದೆ. ಇದರಲ್ಲಿ ಅರ್ಧ ವ್ಯವಸ್ಥೆ ಟೊಮೆಟೊಗೆ ಇದೆಯಾ? ಹುರುಳಿಗೆ ಇದೆಯಾ? ರೈತ ತಂಬಾಕನ್ನು ಹಿಡಿದಿಲ್ಲ, ಆ ಹರಾಜು ಕಟ್ಟೆಯನ್ನು ಹಿಡಿದಿದ್ದಾನೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಸರ್ಕಾರ ಸುಮ್ನೆ ನಿಷೇಧ ಮಾಡಿಬಿಡಬಾರದಾ?

ಮಾಡುವುದಿಲ್ಲ. ತೆರಿಗೆ ಬರುತ್ತದೆ, ರಫ್ತು ಇದೆ. 2023-24ರಲ್ಲಿ ಭಾರತದ ತಂಬಾಕು ರಫ್ತು ಸುಮಾರು 12 ಸಾವಿರ ಕೋಟಿ ರೂಪಾಯಿ. ಒಂದು ಇಲಾಖೆ ತಂಬಾಕು ಬಿಡಿ ಅನ್ನುತ್ತದೆ, ಇನ್ನೊಂದು ರಫ್ತು ಏರಿತು ಅಂತ ಖುಷಿ ಪಡುತ್ತದೆ. ಲೈಸೆನ್ಸ್ ಇಲ್ಲದೆ ಬೆಳೆದವರಿಗೂ ದಂಡ ಹಾಕಿ, ಎಷ್ಟೋ ಸಲ ಅದನ್ನೂ ಕಡಿಮೆ ಮಾಡಿ ಮಾರಲು ಬಿಟ್ಟಿದ್ದಾರೆ.

ದಿಢೀರ್ ನಿಷೇಧ ಮಾಡಿದರೂ ಪೆಟ್ಟು ಬೀಳುವುದು ರೈತನಿಗೆ, ಕೂಲಿಯವರಿಗೆ. ಕಂಪನಿ ಜಿಂಬಾಬ್ವೆಯಿಂದ ಸೊಪ್ಪು ತರಿಸಿಕೊಳ್ಳುತ್ತದೆ. ಭಾರತ 2004ರಲ್ಲಿ ಒಪ್ಪಿಕೊಂಡ ಜಾಗತಿಕ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿ ಬೆಳೆಗಾರರಿಗೆ ಬದುಕುವಂಥ ಬದಲಿ ದಾರಿ ತೋರಿಸಬೇಕು ಅನ್ನುತ್ತದೆ. 18ನೆಯದು ಬೆಳೆಯುವ ಕಡೆ ಪರಿಸರ ಮತ್ತು ಜನರ ಆರೋಗ್ಯ ನೋಡಿಕೊಳ್ಳಬೇಕು ಅನ್ನುತ್ತದೆ. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆಯ ಚಿತ್ರ ಬಂತು. ಈ ಎರಡು ವಿಧಿ ಹೊಲದವರೆಗೆ ಇನ್ನೂ ಸರಿಯಾಗಿ ಬಂದಿಲ್ಲ.

ಬದಲಿ ಬೆಳೆ ಯಾವುದು? ಶುಂಠಿ ಹಾಕಿದರೆ ಆಗಲ್ವಾ?

ಶುಂಠಿಯನ್ನು ಪರಿಹಾರ ಅಂತ ಹೇಳುವವರ ಬಗ್ಗೆ ಸ್ವಲ್ಪ ಹುಷಾರಾಗಿರಿ. ಒಳ್ಳೆ ಬೆಲೆ ಸಿಕ್ಕ ವರ್ಷ ತಂಬಾಕಿಗಿಂತ ಜಾಸ್ತಿ ಬರುತ್ತದೆ. ಆದರೆ ಅದಕ್ಕೂ ಔಷಧ ಸುರಿಯಬೇಕು, ಕೊಳೆ ರೋಗ ಬಂದರೆ ಬಂಡವಾಳವೇ ಹೋಗುತ್ತದೆ, ಮಾರುವಾಗ ಬೆಲೆ ಅದೃಷ್ಟ. ಒಂದು ಜೂಜು ಬಿಟ್ಟು ಇನ್ನೊಂದು.

ನೀರಿದ್ದವರು ಬಾಳೆ, ತರಕಾರಿ, ರೇಷ್ಮೆ ಕಡೆ ಹೋಗಿದ್ದಾರೆ. ನೀರಿಲ್ಲದವರಿಗೆ ರಾಗಿ, ಮುಸುಕಿನ ಜೋಳ, ಅಲಸಂದೆ, ಹುರುಳಿ, ಜೊತೆಗೆ ಹಸು. ಯಾವುದೇ ಒಂದು ಬೆಳೆ ಎಕರೆಗೆ ತಂಬಾಕಿನಷ್ಟು ದುಡ್ಡು ತರುವುದು ಕಷ್ಟ, ಅದನ್ನು ಮುಚ್ಚಿಡಬಾರದು. ಎರಡು ಮೂರು ಸೇರಿಸಿದರೆ, ಕಟ್ಟಿಗೆ ಮತ್ತು ಕೂಲಿ ಖರ್ಚು ಉಳಿದದ್ದನ್ನೂ ಲೆಕ್ಕ ಹಿಡಿದರೆ ಅಂತರ ಕಡಿಮೆಯಾಗುತ್ತದೆ. ಕೇಂದ್ರದ ಬೆಳೆ ವೈವಿಧ್ಯ ಯೋಜನೆಯನ್ನು 2015-16ರಿಂದ ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಿದ್ದಾರೆ. ಬೀಜ ಕೊಡುವುದು ಸುಲಭ. ಬೆಳೆದದ್ದನ್ನು ಕೊಳ್ಳುವವರು ಯಾರು ಅನ್ನುವುದಕ್ಕೆ ಉತ್ತರ ಬೇಕು.

ಎಲ್ಲಾದರೂ ರೈತರು ನಿಜವಾಗಿ ಬಿಟ್ಟಿದ್ದಾರಾ?

ಕೀನ್ಯಾದ ಮಿಗೋರಿ ಎಂಬ ಪ್ರದೇಶದಲ್ಲಿ. ಅಲ್ಲಿನ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಗಳು ಸೇರಿ ತಂಬಾಕು ರೈತರಿಗೆ ಕಬ್ಬಿಣದ ಅಂಶ ಹೆಚ್ಚಿರುವ ಹುರುಳಿಕಾಯಿ ಜಾತಿಯ ಕಾಳಿನ ಬೀಜ ಕೊಟ್ಟವು. ಕೆಲಸ ಅಲ್ಲಿಗೇ ಮುಗಿಸಲಿಲ್ಲ. ಬೆಳೆದ ಕಾಳನ್ನು ವಿಶ್ವ ಆಹಾರ ಕಾರ್ಯಕ್ರಮವೇ ಕೊಂಡಿತು. ಹಾಗಾಗಿ ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ಜಾಂಬಿಯಾಕ್ಕೂ ಆ ಕೆಲಸ ಹೋಗಿದೆ. ಬಾಂಗ್ಲಾದೇಶದಲ್ಲಿ ಉಬಿನಿಗ್ ಎಂಬ ಸಂಸ್ಥೆ ಕುಷ್ಟಿಯಾ, ಬಂದರ್‌ಬನ್ ಕಡೆ ರೈತರ ಜೊತೆ ಕೂತು ಮಿಶ್ರ ಬೆಳೆಗೆ ಮರಳುವ ಪ್ರಯತ್ನ ಮಾಡಿದೆ.

ನಮ್ಮಲ್ಲೂ ಪಡಿತರಕ್ಕೆ ರಾಗಿ, ಅಂಗನವಾಡಿಗೆ ಕಾಳು ಬೇಕೇ ಬೇಕು. ಅದನ್ನು ಬ್ಯಾರನ್ ಬಿಟ್ಟ ರೈತರಿಂದಲೇ, ಮೊದಲೇ ದರ ಹೇಳಿ, ಅದೇ ಹರಾಜು ಮಾರುಕಟ್ಟೆಯ ಗೋದಾಮಿನಲ್ಲಿ ಕೊಳ್ಳಲು ಏನು ಅಡ್ಡಿ?

ಸೇದಿ ಬಿಸಾಡಿದ ತುಂಡು ಮಣ್ಣಲ್ಲಿ ಕರಗಿಹೋಗುತ್ತದಾ?

ಬೇಗ ಕರಗುವುದಿಲ್ಲ. ಫಿಲ್ಟರ್ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡು ಬೀದಿಗೆ, ಚರಂಡಿಗೆ, ಸಮುದ್ರಕ್ಕೆ ಬೀಳುತ್ತವೆ ಅಂತ ಅಂದಾಜು.

ಈ ಹಂಗಾಮಿಗೆ ನಾವು ಸೊಪ್ಪು ಮುರಿಯಲು ಹೋಗಲೇಬೇಕು. ಏನು ಜಾಗ್ರತೆ ಮಾಡಬೇಕು?

ಆದಷ್ಟು ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿಯಿರಿ. ಮಳೆ ಬಂದು ಎಲೆ ತೊಯ್ದಿದ್ದರೆ ಕಾಯಿರಿ. ಕಾಯಲು ಆಗದಿದ್ದರೆ ಮೈ ಮೇಲೆ ನೀರು ಇಳಿಯದ ಪ್ಲಾಸ್ಟಿಕ್ ಹೊದಿಕೆ, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಬಟ್ಟೆಯ ಗ್ಲೌಸ್ ಒದ್ದೆಯಾದರೆ ಇನ್ನೂ ಕೆಟ್ಟದ್ದು, ವಿಷವನ್ನು ಹಿಡಿದು ಇಟ್ಟುಕೊಳ್ಳುತ್ತದೆ. ಮುರಿದ ಸೊಪ್ಪನ್ನು ಕಂಕುಳಲ್ಲಿ ಒತ್ತಿ ಹಿಡಿಯಬೇಡಿ, ಅಲ್ಲಿಂದಲೇ ಜಾಸ್ತಿ ಒಳಗೆ ಹೋಗುವುದು. ಬಟ್ಟೆ ಒದ್ದೆಯಾದರೆ ಬದಲಿಸಿ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಬಸುರಿಯರು, ಮಕ್ಕಳು ಹಸಿ ಸೊಪ್ಪಿನ ಹತ್ತಿರ ಬರುವುದೇ ಬೇಡ.

ತಲೆ ಸುತ್ತಿ ವಾಂತಿ ಬಂದರೆ ಬಿಸಿಲು ಬಡಿಯಿತು ಅಂತ ಸುಮ್ಮನಾಗಬೇಡಿ. ನೆರಳಿಗೆ ಬಂದು ಬಟ್ಟೆ ಬದಲಿಸಿ, ಮೈ ತೊಳೆದು ನೀರು ಕುಡಿಯಿರಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತು ಇದು: 'ಬೆಳಗ್ಗೆಯಿಂದ ಹಸಿ ಹೊಗೆಸೊಪ್ಪು ಮುರಿಯುತ್ತಿದ್ದೆ.' ಔಷಧ ಹೊಡೆದ ಹೊಲವಾದರೆ ಅದರ ಡಬ್ಬಿಯನ್ನೋ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಸೊಪ್ಪಿನ ನಿಕೋಟಿನ್ ಏರಿದರೂ, ಔಷಧದ ವಿಷ ಏರಿದರೂ ವಾಂತಿ, ತಲೆಸುತ್ತು ಒಂದೇ ಥರ ಇರುತ್ತದೆ, ಚಿಕಿತ್ಸೆ ಬೇರೆ.